‘ನನಗೆ ಮನವರಿಕೆಯಾಗಿದೆ’ ಎಂದರೆ ಸಾಕೇ?

(ಕಾನೂನು ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಅವತ್ತು ಹೊತ್ತಾಯಿತೆಂದು ಬಿಟ್ಟಿದ್ದ ಒಂದೆರಡು ವಿವರ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವೀಳ್ಯದೆಲೆಯಿಂದ ಶುರು ಮಾಡುತ್ತೇನೆ. ವೀಳ್ಯದೆಲೆ ತರಕಾರಿಯೇ? ಈ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಅಕೋಲಾದ ಎಲೆ ವ್ಯಾಪಾರಿಯೊಬ್ಬರಿಗೆ ಮಾರಾಟ ತೆರಿಗೆ ಹಾಕಿದ್ದರು. ಅಲ್ಲಿನ ತೆರಿಗೆ ಕಾಯ್ದೆಯಲ್ಲಿ ತರಕಾರಿಗೆ ವಿನಾಯಿತಿ ಇತ್ತು. ವ್ಯಾಪಾರಿಯ ಕಡೆಯವರು ನಿಘಂಟು ಹಿಡಿದು ವಾದ ಮಾಡಿದರು. ‘ವೆಜಿಟಬಲ್’ ಎಂದರೆ ಸಸ್ಯಕ್ಕೆ ಸೇರಿದ್ದು, ಎಲೆ ಬಳ್ಳಿಯಲ್ಲಿ ಬೆಳೆಯುತ್ತದೆ, ಹಾಗಾಗಿ ಅದೂ ತರಕಾರಿಯೇ ಎಂದರು. 1961ರಲ್ಲಿ ತೀರ್ಪು ಬಂತು. ಕೋರ್ಟ್ ಒಪ್ಪಲಿಲ್ಲ. ಈ ಪದವನ್ನು ದಿನನಿತ್ಯ ಬಳಸುವ ಜನ ಯಾವ ಅರ್ಥದಲ್ಲಿ ಬಳಸುತ್ತಾರೋ ಅದೇ ಅರ್ಥ ತೆಗೆದುಕೊಳ್ಳಬೇಕು ಎಂದಿತು. ಅಮ್ಮ ಚೀಲ ಕೊಟ್ಟು ತರಕಾರಿ ತಾ ಎಂದು ಕಳಿಸಿದರೆ ಯಾರೂ ಎಲೆ ಕಟ್ಟು ಹಿಡಿದು ಮನೆಗೆ ಬರುವುದಿಲ್ಲ, ಅಲ್ವಾ? ಕೋರ್ಟ್ ಇನ್ನೊಂದನ್ನೂ ಗಮನಿಸಿತು. ಅದೇ ಕಾಯ್ದೆಯ ಹಳೆಯ ಪಟ್ಟಿಯಲ್ಲಿ ತರಕಾರಿ ಒಂದು ಕಡೆ, ವೀಳ್ಯದೆಲೆ ಇನ್ನೊಂದು ಕಡೆ ಬೇರೆ ಬೇರೆಯಾಗಿ ಇದ್ದವು. ಆಮೇಲೆ ವೀಳ್ಯದೆಲೆಯನ್ನು ಪಟ್ಟಿಯಿಂದ ತೆಗೆದರು. ಎರಡೂ ಒಂದೇ ಆಗಿದ್ದರೆ ಮೊದಲು ಬೇರೆ ಬರೆಯುವ ಅಗತ್ಯವೇ ಇರಲಿಲ್ಲ.

ಕೋರ್ಟ್ ಕಾನೂನನ್ನು ಓದುವ ರೀತಿಯ ಬಹುಪಾಲು ಇದರಲ್ಲೇ ಇದೆ. ಪದಕ್ಕೆ ಜನರ ಬಾಯಲ್ಲಿರುವ ಅರ್ಥ ಮೊದಲು. ಹಿಂದೆ ಮುಂದೆ ಏನು ಬರೆದಿದ್ದಾರೆ ಅನ್ನುವುದು ಜೊತೆಗೆ. ಅಷ್ಟಕ್ಕೂ ಗೊಂದಲ ಉಳಿದರೆ, ಈ ಕಾನೂನು ಯಾವ ತೊಂದರೆ ಸರಿಮಾಡಲು ಬಂತು ಎಂದು ಕೇಳುವುದು. ಈ ಕೊನೆಯ ಸೂತ್ರ 1584ರ ಒಂದು ಇಂಗ್ಲಿಷ್ ತೀರ್ಪಿನದು. ಇವತ್ತಿಗೂ ನಮ್ಮ ವಕೀಲರು ಅದನ್ನು ಹೇಳುತ್ತಾರೆ. ಉಳಿದ ಸೂತ್ರಗಳನ್ನು ನೀವು ಕ್ಲಾಸಿನಲ್ಲಿ ಓದಿರುತ್ತೀರಿ.

ವೀಳ್ಯದೆಲೆ ಕೇಸಿನಲ್ಲಿ ಹೋದದ್ದು ಒಂದಿಷ್ಟು ತೆರಿಗೆ ಹಣ. ಒಂದು ಪದದ ಮೇಲೆ ಮನುಷ್ಯನ ಬಿಡುಗಡೆಯೇ ನಿಂತಿದ್ದರೆ? ಇವತ್ತು ನಾನು ಮಾತಾಡಬೇಕೆಂದು ಬಂದಿರುವುದು ಅದರ ಬಗ್ಗೆ.

ನಾನು ವಕೀಲಿ ಶುರುಮಾಡಿದ ಹೊಸದರಲ್ಲಿ ಒಬ್ಬ ತಾಯಿ ನಮ್ಮ ಸೀನಿಯರ್ ಆಫೀಸಿಗೆ ಬಂದರು. ಬಟ್ಟೆ ಚೀಲದಲ್ಲಿ ಒಂದು ಕಾಗದದ ಕಟ್ಟು. ಸಣಬಿನ ದಾರದಲ್ಲಿ ಕಟ್ಟಿತ್ತು. ಮಗನನ್ನು ಗೂಂಡಾ ಕಾಯ್ದೆಯಡಿ ಹಿಡಿದು ಜೈಲಿಗೆ ಹಾಕಿದ್ದರು. ಇದು ಮಾಡಿದ ತಪ್ಪಿಗೆ ಕೊಡುವ ಶಿಕ್ಷೆಯಲ್ಲ. ಮುಂದೆ ತಪ್ಪು ಮಾಡಬಹುದು ಎಂಬ ಅಂದಾಜಿನ ಮೇಲೆ ಒಳಗಿಡುವುದು. ಮುನ್ನೆಚ್ಚರಿಕೆ ಬಂಧನ ಅನ್ನುತ್ತೇವೆ. ಜಾಮೀನಿನ ಮಾತಿಲ್ಲ, ಸಾಕ್ಷಿ ವಿಚಾರಣೆ ಇಲ್ಲ. ಆ ತಾಯಿ ಕಟ್ಟು ಬಿಚ್ಚಿ ನನ್ನ ಮುಂದಿಟ್ಟು, ‘ಇದ್ರಲ್ಲಿ ಏನ್ ಬರ್ದವ್ರೆ ಸ್ವಾಮಿ, ಓದಿ ಹೇಳಿ’ ಎಂದರು. ಐವತ್ತಕ್ಕೂ ಹೆಚ್ಚು ಪುಟ. ಎಲ್ಲವೂ ಇಂಗ್ಲಿಷಿನಲ್ಲಿ. ಮಗ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವನು. ಕೊನೇ ಪುಟದಲ್ಲಿ ಅವನ ಸಹಿ ಇತ್ತು. ಕನ್ನಡದಲ್ಲಿ, ಒತ್ತಿ ಒತ್ತಿ ಬರೆದ ಅಕ್ಷರ. ‘ಓದಿ ತಿಳಿದುಕೊಂಡಿದ್ದೇನೆ’ ಎಂಬ ಇಂಗ್ಲಿಷ್ ಸಾಲಿನ ಕೆಳಗೆ.

ಮೊದಲ ಪುಟದಲ್ಲಿ ಒಂದು ವಾಕ್ಯ ಇತ್ತು. ಅದನ್ನು ಕನ್ನಡಕ್ಕೆ ತಂದರೆ ಹೀಗೆ: ‘ಈ ವ್ಯಕ್ತಿ ಸಾರ್ವಜನಿಕ ಸುವ್ಯವಸ್ಥೆಗೆ ಧಕ್ಕೆ ತರದಂತೆ ತಡೆಯಲು ಇವನನ್ನು ಬಂಧನದಲ್ಲಿಡುವುದು ಅಗತ್ಯವೆಂದು ನನಗೆ ಮನವರಿಕೆಯಾಗಿದೆ.’ ಕೆಳಗೆ ಅಧಿಕಾರಿಯ ರುಜು, ಮೊಹರು. ‘ನನಗೆ ಮನವರಿಕೆಯಾಗಿದೆ’ ಅನ್ನುವ ಆ ಎರಡು ಪದ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಮನವರಿಕೆಯಾದದ್ದು ಯಾರಿಗೆ? ಏನನ್ನು ನೋಡಿ? ಅದು ಸರಿಯೋ ತಪ್ಪೋ ನೋಡುವವರು ಯಾರು?

ಆ ಕೇಸು ಭಾಷೆಯ ಮೇಲೇ ಬಿತ್ತು. ಸಂವಿಧಾನದ 22ನೇ ವಿಧಿಯ 5ನೇ ಉಪವಿಧಿ, ಬಂಧನದ ಕಾರಣಗಳನ್ನು ಬಂಧಿತನಿಗೆ ‘ತಿಳಿಸಬೇಕು’ ಎನ್ನುತ್ತದೆ. ಕಾಗದ ಕೈಗಿತ್ತರೆ ತಿಳಿಸಿದ ಹಾಗಾಯಿತೇ? ಇದಕ್ಕೆ 1962ರಲ್ಲೇ ಉತ್ತರ ಬಂದಿತ್ತು. ನಾಗಪುರದ ಹರಿಕಿಶನ್ ಎಂಬುವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹಿಂದಿಯಲ್ಲಿ ಕೊಡಿ ಎಂದು ಕೇಳಿದರು. ಪೊಲೀಸ್ ಅಧಿಕಾರಿ ಬಾಯಲ್ಲಿ ಹಿಂದಿಯಲ್ಲಿ ವಿವರಿಸಿದ್ದಾರಲ್ಲ, ಅಷ್ಟು ಸಾಕು ಎಂದಿತು ಸರ್ಕಾರ. ಸಾಲದು ಎಂದಿತು ಸುಪ್ರೀಂ ಕೋರ್ಟ್. ತಿಳಿಸುವುದು ಎಂದರೆ ಅವನಿಗೆ ಅರ್ಥವಾಗುವ ಹಾಗೆ ತಿಳಿಸುವುದು. ಅರ್ಥವಾದರೆ ತಾನೇ ಅವನು ಅದರ ವಿರುದ್ಧ ಮನವಿ ಬರೆಯಲು ಆಗುವುದು? ಉದ್ದನೆಯ ಕಾಗದಗಳನ್ನು ಒಂದು ಸಲ ಓದಿ ಹೇಳಿದರೆ ಯಾರ ತಲೆಯಲ್ಲಿ ಉಳಿಯುತ್ತದೆ? ಒಂದೇ ಒಂದು ಕ್ರಿಯಾಪದ, ‘ತಿಳಿಸು’. ಅದನ್ನು ನಿಜವಾಗಿ ಓದಿದ್ದರಿಂದ ಒಬ್ಬ ಮನುಷ್ಯ ಹೊರಗೆ ಬಂದ. ಅವನ ಹಿಂದೆ ಎಷ್ಟೋ ಜನ ಬಂದರು. ನಮ್ಮ ಕಕ್ಷಿದಾರನೂ ಬಂದ.

ಈಗ ಪಟ್ನಾಕ್ಕೆ ಹೋಗೋಣ. 1965ರ ಆಗಸ್ಟ್. ಡಾ. ರಾಮಮನೋಹರ ಲೋಹಿಯಾ ಆಗ ಲೋಕಸಭೆಯ ಸದಸ್ಯರು. ನಮ್ಮ ಮಲೆನಾಡಿನವರಿಗೆ ಅವರ ಪರಿಚಯ ಹೇಳಬೇಕಾಗಿಲ್ಲ. 1951ರ ಕಾಗೋಡು ಸತ್ಯಾಗ್ರಹಕ್ಕೆ ಬಂದು ಸಾಗರದ ಗೇಣಿದಾರರ ಜೊತೆ ಅರೆಸ್ಟ್ ಆದವರು. ಪಟ್ನಾದಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟ್ ಅವರನ್ನು ಭಾರತ ರಕ್ಷಣಾ ನಿಯಮಗಳಡಿ ಬಂಧಿಸಲು ಆದೇಶ ಹೊರಡಿಸಿದರು. ದೇಶದಲ್ಲಿ ಆಗ ತುರ್ತು ಪರಿಸ್ಥಿತಿ ಇತ್ತು. 1962ರ ಚೀನಾ ಯುದ್ಧಕ್ಕೆ ಹೇರಿದ್ದು, ಇನ್ನೂ ತೆಗೆದಿರಲಿಲ್ಲ. ಮೂಲಭೂತ ಹಕ್ಕುಗಳಿಗಾಗಿ ಕೋರ್ಟಿಗೆ ಹೋಗುವ ದಾರಿಯನ್ನು ರಾಷ್ಟ್ರಪತಿಗಳ ಆದೇಶವೊಂದು ಮುಚ್ಚಿತ್ತು. ಹಾಗಾಗಿ ಲೋಹಿಯಾ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಸರ್ಕಾರದ ಕಡೆಯವರು, ಈ ಅರ್ಜಿಯನ್ನೇ ಕೇಳುವಂತಿಲ್ಲ ಎಂದರು.

ನ್ಯಾಯಮೂರ್ತಿಗಳು ಎರಡು ಕಾಗದ ಪಕ್ಕಪಕ್ಕ ಇಟ್ಟು ಓದಿದರು. ಒಂದು, ನಿಯಮ. ಇನ್ನೊಂದು, ಬಂಧನದ ಆದೇಶ. ನಿಯಮದಲ್ಲಿ ‘ಸಾರ್ವಜನಿಕ ಸುವ್ಯವಸ್ಥೆ’ ಕಾಪಾಡಲು ಬಂಧಿಸಬಹುದು ಎಂದಿತ್ತು. ಆದೇಶದಲ್ಲಿ ‘ಕಾನೂನು ಮತ್ತು ಸುವ್ಯವಸ್ಥೆ’ ಕಾಪಾಡಲು ಬಂಧಿಸಿದ್ದೇನೆ ಎಂದಿತ್ತು. ಕೇಳುವಾಗ ಎರಡೂ ಒಂದೇ ಥರ ಕಾಣುತ್ತವೆ. ಟಿವಿಯಲ್ಲಿ, ಪೇಪರಿನಲ್ಲಿ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ನಾನು ಹೇಳಿದ್ದು ಸಾರ್ವಜನಿಕ ಸುವ್ಯವಸ್ಥೆಯ ಅರ್ಥದಲ್ಲೇ ಎಂದು ಆಮೇಲೆ ಮ್ಯಾಜಿಸ್ಟ್ರೇಟರು ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲೂ (ಅಫಿಡವಿಟ್) ಹೇಳಿಕೊಂಡರು.

ನ್ಯಾಯಮೂರ್ತಿ ಹಿದಾಯತುಲ್ಲಾ ಇದಕ್ಕೆ ಕೊಟ್ಟ ಚಿತ್ರ ಬಹಳ ಸೊಗಸು. ನೀವು ಬೇಕಾದರೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಒಂದರೊಳಗೊಂದು ಮೂರು ವೃತ್ತ. ಹೊರಗಿನ ದೊಡ್ಡದು ಕಾನೂನು ಮತ್ತು ಸುವ್ಯವಸ್ಥೆ. ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ. ತೀರಾ ಒಳಗಿನ ಚಿಕ್ಕದು ದೇಶದ ಭದ್ರತೆ. ಇಬ್ಬರು ಕುಡುಕರು ಬೀದಿಯಲ್ಲಿ ಹೊಡೆದಾಡಿಕೊಂಡರೆ ಅದು ಹೊರಗಿನ ವೃತ್ತದ ವಿಷಯ. ಪೊಲೀಸರು ಕೇಸು ಹಾಕಲಿ, ಕೋರ್ಟಿಗೆ ಕರೆತರಲಿ. ಅಷ್ಟಕ್ಕೆ ವಿಚಾರಣೆಯೇ ಇಲ್ಲದೆ ಒಳಗಿಡಲು ಬರುವುದಿಲ್ಲ. ಇಡೀ ಸಮುದಾಯಕ್ಕೆ, ಸಾರ್ವಜನಿಕರಿಗೆ ತಟ್ಟುವಂಥದ್ದಾದರೆ ಮಾತ್ರ ಅದು ಎರಡನೇ ವೃತ್ತದೊಳಗೆ ಬರುತ್ತದೆ. ಶಾಸನ ಅಧಿಕಾರ ಕೊಟ್ಟದ್ದು ಎರಡನೇ ವೃತ್ತಕ್ಕೆ. ಅಧಿಕಾರಿ ಬಳಸಿದ್ದು ಮೊದಲ ವೃತ್ತಕ್ಕೆ. ಹಾಗಾಗಿ ಆ ಬಂಧನ ನಿಯಮದ ಅಡಿಯಲ್ಲಿ ಆದದ್ದೇ ಅಲ್ಲ.

ರಾಷ್ಟ್ರಪತಿಗಳ ಆದೇಶ ಬಾಗಿಲು ಮುಚ್ಚಿತ್ತಲ್ಲ, ಅದರ ಕಥೆ ಏನು? ಅದನ್ನೂ ಪದ ಪದ ಓದಿದರು. ‘ಭಾರತ ರಕ್ಷಣಾ ಕಾಯ್ದೆ ಅಥವಾ ಅದರ ನಿಯಮಗಳಡಿ’ ಬಂಧಿತರಾದವರಿಗೆ ಮಾತ್ರ ಬಾಗಿಲು ಮುಚ್ಚಿದೆ ಎಂದು ಅದರಲ್ಲಿತ್ತು. ನಿಯಮದಡಿ ಆಗಿಲ್ಲದ ಬಂಧನಕ್ಕೆ ಬಾಗಿಲು ತೆರೆದೇ ಇದೆ. ಲೋಹಿಯಾ ಹೊರಗೆ ಬಂದರು. ಪೀಠದಲ್ಲಿ ಭಿನ್ನಾಭಿಪ್ರಾಯವೂ ಇತ್ತು. ಯುದ್ಧದ ಕಾಲದಲ್ಲಿ ಇಷ್ಟು ಸೂಕ್ಷ್ಮ ನೋಡಬೇಕೇ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನೋಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಬ್ಬನನ್ನು ವಿಚಾರಣೆ ಇಲ್ಲದೆ ಕೂಡಿಹಾಕುವ ಅಧಿಕಾರ ಕಾಗದದ ಮೇಲಿನ ಪದಗಳಿಂದಲೇ ಹುಟ್ಟುತ್ತದೆ. ಆ ಪದ ಮುಗಿದ ಕಡೆ ಅಧಿಕಾರವೂ ಮುಗಿಯಬೇಕು.

ಅದೇ ಹೊತ್ತಿನ ಒಡಿಶಾದ ಕೇಸೊಂದಿದೆ. ಜಗನ್ನಾಥ ಮಿಶ್ರಾ ಎಂಬುವರದು, 1966ರ ವರದಿಗಳಲ್ಲಿ ಸಿಗುತ್ತದೆ. ಬಂಧನಕ್ಕೆ ನಿಯಮದಲ್ಲಿ ಹೇಳಿದ್ದ ಕಾರಣಗಳನ್ನು ಬಹುಮಟ್ಟಿಗೆ ಹಾಗೇ ಎತ್ತಿ, ನಡುವೆ ‘ಅಥವಾ’ ಹಾಕಿ ಆದೇಶ ಬರೆದಿದ್ದರು. ಇದಕ್ಕೋ, ಅಥವಾ ಅದಕ್ಕೋ, ಅಥವಾ ಇನ್ನೊಂದಕ್ಕೋ. ಮಂತ್ರಿಗಳ ಪ್ರಮಾಣಪತ್ರ ನೋಡಿದರೆ ಅದರಲ್ಲಿ ಎರಡೇ ಕಾರಣ. ಕೋರ್ಟ್ ಆದೇಶವನ್ನು ತೆಗೆದುಹಾಕಿತು. ನಿಜವಾಗಿ ಮನವರಿಕೆಯಾದವನು ‘ಅಥವಾ’ ಎಂದು ಬರೆಯುವುದಿಲ್ಲ. ಫಾರಂ ತುಂಬಿದವನು ಬರೆಯುತ್ತಾನೆ. ಇವತ್ತು ಕಂಪ್ಯೂಟರ್ ಬಂದ ಮೇಲೆ ಹಳೆಯ ಆದೇಶದ ಫೈಲ್ ತೆರೆದು ಹೆಸರು ಬದಲಿಸುವುದು ಇನ್ನೂ ಸುಲಭ. ನೀವು ಮುಂದೆ ಇಂಥ ಕೇಸು ಹಿಡಿದರೆ ಮೊದಲು ಆ ‘ಅಥವಾ’ ಹುಡುಕಿ.

ಇಲ್ಲಿಂದ ಸ್ವಲ್ಪ ಹಿಂದಕ್ಕೆ, ಲಂಡನ್ನಿಗೆ. ‘ಮನವರಿಕೆ’ಯ ಜಗಳದ ಬೇರು ಅಲ್ಲಿದೆ. ಎರಡನೇ ಮಹಾಯುದ್ಧದ ಕಾಲ. ‘18ಬಿ’ ಎಂಬ ನಿಯಮದಡಿ ಗೃಹಮಂತ್ರಿ ಯಾರನ್ನಾದರೂ ಬಂಧಿಸಬಹುದಿತ್ತು. ಆದರೆ ಒಂದು ಷರತ್ತು. ಆ ವ್ಯಕ್ತಿ ಶತ್ರುಪಾಳಯದ ಸಂಪರ್ಕದವನು ಎಂದೋ ಮತ್ತೊಂದೋ ‘ನಂಬಲು ಸಕಾರಣ ಇದ್ದರೆ’ ಮಾತ್ರ. ರಾಬರ್ಟ್ ಲಿವರ್ಸಿಜ್ ಎಂಬುವನನ್ನು ಹಿಡಿದರು. ಏನು ಕಾರಣ ಎಂದು ಅವನು ಕೇಳಿದ. 1941ರ ನವೆಂಬರಿನಲ್ಲಿ, ಆಗ ಅಲ್ಲಿನ ಅತಿ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಾಧೀಶರಲ್ಲಿ ನಾಲ್ವರು, ಸಕಾರಣ ಇದೆ ಎಂದು ಮಂತ್ರಿಗೆ ಪ್ರಾಮಾಣಿಕವಾಗಿ ಅನ್ನಿಸಿದ್ದರೆ ಸಾಕು, ಕೋರ್ಟ್ ಅದನ್ನು ಕೆದಕುವುದಿಲ್ಲ ಎಂದರು. ಒಬ್ಬರು ಒಪ್ಪಲಿಲ್ಲ. ಲಾರ್ಡ್ ಅಟ್ಕಿನ್.

ಅವರು ಹೇಳಿದ್ದು ಶಾಲೆ ಮಕ್ಕಳಿಗೂ ಅರ್ಥವಾಗುತ್ತದೆ. ‘ಒಬ್ಬನ ಕಾಲಿನ ಗೆಣ್ಣು ಮುರಿದಿದ್ದರೆ’ ಅನ್ನುವುದು ಬೇರೆ. ‘ಮುರಿದಿದೆ ಎಂದು ಅವನು ಅಂದುಕೊಂಡರೆ’ ಅನ್ನುವುದು ಬೇರೆ. ಮೊದಲನೆಯದನ್ನು ಡಾಕ್ಟರು ನೋಡಿ ಹೇಳಬಹುದು. ಎರಡನೆಯದಕ್ಕೆ ಅವನ ಮಾತೇ ಆಧಾರ. ‘ಸಕಾರಣ ಇದ್ದರೆ’ ಎಂದು ಬರೆದಿರುವಾಗ ಅದನ್ನು ‘ಸಕಾರಣ ಇದೆ ಎಂದು ಅನ್ನಿಸಿದರೆ’ ಎಂದು ಓದಲು ಯಾವ ನ್ಯಾಯಾಧೀಶನಿಗೂ ಹಕ್ಕಿಲ್ಲ. ಶಸ್ತ್ರಗಳ ಸದ್ದಿನ ನಡುವೆಯೂ ಕಾನೂನು ಬಾಯಿ ಮುಚ್ಚಿ ಕೂರುವುದಿಲ್ಲ ಎಂದರು ಅವರು. ಬಾಂಬ್ ಬೀಳುತ್ತಿದ್ದ ದೇಶದಲ್ಲಿ ಕೂತು ಹೀಗೆ ಬರೆಯಲು ಎಂಥ ಎದೆ ಬೇಕು ಯೋಚಿಸಿ. ಸುಮಾರು 40 ವರ್ಷ ಆದಮೇಲೆ ಅದೇ ಹೌಸ್ ಆಫ್ ಲಾರ್ಡ್ಸ್‌ನ ಲಾರ್ಡ್ ಡಿಪ್ಲಾಕ್, ಅಂದು ಉಳಿದ ನಾಲ್ವರು ಮಾಡಿದ್ದು ತಪ್ಪು ಎಂದು ಒಪ್ಪಿಕೊಂಡರು.

ನಮ್ಮಲ್ಲಿ ಏನಾಯಿತು? ಇಲ್ಲಿ ಬೆಂಗಳೂರು ಬರುತ್ತದೆ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ, ಎಸ್.ಎನ್. ಮಿಶ್ರಾ ಆಗ ಬೆಂಗಳೂರಿನಲ್ಲಿದ್ದರು. ಪಕ್ಷಾಂತರ ತಡೆ ಮಸೂದೆ ಕುರಿತ ಸಂಸದೀಯ ಸಮಿತಿಯ ಸಭೆಗೆ ಬಂದಿದ್ದವರು. ಮಾರನೇ ದಿನ ಅವರನ್ನು ಬಂಧಿಸಿ ಸೆಂಟ್ರಲ್ ಜೈಲಿಗೆ ಕಳಿಸಿದರು. ಅವರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧಿತರನ್ನು ಕೋರ್ಟಿನ ಮುಂದೆ ತಂದು ಬಂಧನ ಸರಿಯೇ ಎಂದು ನೋಡಿ ಎಂಬ ಅರ್ಜಿ, ಹಾಕಿದರು. ನಮ್ಮ ಹೈಕೋರ್ಟೂ ಸೇರಿ ದೇಶದ ಒಂಬತ್ತು ಹೈಕೋರ್ಟುಗಳು ಇಂಥ ಅರ್ಜಿಗಳನ್ನು ಕೇಳಲು ನಮಗೆ ಅಧಿಕಾರ ಇದೆ ಎಂದವು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಸರ್ಕಾರ ಎಲ್ಲವನ್ನೂ ಸುಪ್ರೀಂ ಕೋರ್ಟಿಗೆ ಒಯ್ದಿತು. ಎಡಿಎಂ ಜಬಲ್‌ಪುರ ಕೇಸು ಎಂದು ನೀವು ಓದುವುದು ಅದನ್ನೇ. ಅದರಲ್ಲಿ ಬೆಂಗಳೂರಿನ ಅರ್ಜಿಗಳೂ ಇದ್ದವು.

ಇಲ್ಲಿ ಒಂದು ವಿಷಯವನ್ನು ಯಾರೂ ಸಾಕಷ್ಟು ಹೇಳುವುದಿಲ್ಲ. ಕೋರ್ಟಿನ ಬಾಗಿಲು ಮುಚ್ಚುವ ರಾಷ್ಟ್ರಪತಿ ಆದೇಶ 1975ರಲ್ಲೂ ಬಂತು. ಅದರಲ್ಲಿ 1962ರ ಆದೇಶದಲ್ಲಿದ್ದ ಆ ಷರತ್ತು ಇರಲಿಲ್ಲ. ‘ಇಂಥ ಕಾಯ್ದೆಯಡಿ ಬಂಧಿತರಾದವರಿಗೆ’ ಎಂಬ ಸಾಲು ಮಾಯವಾಗಿತ್ತು. ಲೋಹಿಯಾ ಹೊರಬಂದ ಸಂದಿಯೇ ಮುಚ್ಚಿಹೋಗಿತ್ತು. ಸಾಲದ್ದಕ್ಕೆ, ಆಗ ಜನರನ್ನು ಒಳಗಿಡಲು ಬಳಸಿದ ಆಂತರಿಕ ಭದ್ರತೆಯ ಮೀಸಾ ಕಾಯ್ದೆಗೆ ತಿದ್ದುಪಡಿ ತಂದು, ಬಂಧನದ ಕಾರಣಗಳು ಗೋಪ್ಯ, ಕೋರ್ಟಿಗೂ ತೋರಿಸುವಂತಿಲ್ಲ ಎಂದು ಬರೆದುಕೊಂಡರು. ಕೋರ್ಟು ಪದಗಳನ್ನು ಎಚ್ಚರದಿಂದ ಓದಿದರೆ ಸರ್ಕಾರ ಮುಂದಿನ ಸಲ ಪದಗಳನ್ನು ಇನ್ನೂ ಎಚ್ಚರದಿಂದ ಬರೆಯುತ್ತದೆ. ಹಾಗಾದರೆ ಪದಗಳೇ ಎಲ್ಲವೂ ಆಗಲು ಸಾಧ್ಯವೇ?

ಈ ಪ್ರಶ್ನೆಗೆ ಉತ್ತರ ಕೊಟ್ಟವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ. ವಾದದ ಮಧ್ಯೆ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಒಂದು ಪ್ರಶ್ನೆ ಕೇಳಿದರು. ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದುಬಿಟ್ಟರೆ, ಆಗಲೂ ಕೋರ್ಟಿನಲ್ಲಿ ಪರಿಹಾರ ಇಲ್ಲವೇ? ನನ್ನ ವಾದದ ಪ್ರಕಾರ ಇಲ್ಲ ಎಂದರು ಡೇ. 1976ರ ಏಪ್ರಿಲ್ 28ರಂದು ತೀರ್ಪು ಬಂತು. ನಾಲ್ವರು ಸರ್ಕಾರದ ಪರ. ಖನ್ನಾ ಒಬ್ಬರೇ ವಿರುದ್ಧ. ಜೀವ ಮತ್ತು ಸ್ವಾತಂತ್ರ್ಯವನ್ನು ಕಾನೂನಿನ ಆಧಾರವಿಲ್ಲದೆ ಕಸಿಯುವ ಅಧಿಕಾರ ಸರ್ಕಾರಕ್ಕೆ ಯಾವತ್ತೂ ಇಲ್ಲ, 21ನೇ ವಿಧಿಯನ್ನು ಪಕ್ಕಕ್ಕಿಟ್ಟರೂ ಇಲ್ಲ ಎಂದು ಬರೆದರು. ಆ ಹಕ್ಕು 21ನೇ ವಿಧಿಯಿಂದ ಮಾತ್ರ ಹುಟ್ಟಿದ್ದಲ್ಲ. ಮುಂದಿನ ಜನವರಿಯಲ್ಲಿ ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಖನ್ನಾ ರಾಜೀನಾಮೆ ಕೊಟ್ಟರು.

ಆಮೇಲೆ 1978ರ 44ನೇ ತಿದ್ದುಪಡಿ ಬಂತು. 20 ಮತ್ತು 21ನೇ ವಿಧಿಗಳನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ ಎಂದಾಯಿತು. ತೀರ್ಪು ಮಾತ್ರ ಪುಸ್ತಕದಲ್ಲಿ ಹಾಗೇ ಉಳಿಯಿತು. ಅದನ್ನು ಸುಪ್ರೀಂ ಕೋರ್ಟ್ ಸ್ಪಷ್ಟ ಮಾತಿನಲ್ಲಿ ತೊಡೆದುಹಾಕಿದ್ದು 2017ರ ಆಗಸ್ಟ್ 24ರಂದು, ಖಾಸಗಿತನದ ಹಕ್ಕಿನ ತೀರ್ಪಿನಲ್ಲಿ. ಆ ಕೇಸಿನ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅವರು ಆಧಾರ್ ವಿರುದ್ಧ ಅರ್ಜಿ ಹಾಕಿದಾಗ 80 ದಾಟಿದ ವಯಸ್ಸು. 1976ರಲ್ಲಿ ಸರ್ಕಾರದ ಪರ ನಿಂತ ನಾಲ್ವರಲ್ಲಿ ವೈ.ವಿ. ಚಂದ್ರಚೂಡ್ ಒಬ್ಬರು. ಅದು ತಪ್ಪು ತೀರ್ಪು ಎಂದು 2017ರಲ್ಲಿ ಬರೆದವರು ಅವರ ಮಗ.

ಇನ್ನು ಬೊಮ್ಮಾಯಿ ಕೇಸು. ಇದು ಪೂರ್ತಿ ನಮ್ಮ ಮನೆಯದೇ ಕೇಸು. 356ನೇ ವಿಧಿ ಓದಿ. ರಾಜ್ಯಪಾಲರ ವರದಿಯಿಂದ ಅಥವಾ ಬೇರೆ ರೀತಿಯಿಂದ, ರಾಜ್ಯದ ಸರ್ಕಾರ ಸಂವಿಧಾನದ ಪ್ರಕಾರ ನಡೆಯಲು ಆಗುವುದಿಲ್ಲ ಎಂದು ರಾಷ್ಟ್ರಪತಿಗೆ ‘ಮನವರಿಕೆಯಾದರೆ’ ಅದನ್ನು ವಜಾ ಮಾಡಬಹುದು. ನೋಡಿ, ಮತ್ತೆ ಅದೇ ಪದ. ಇಂಥ ವಿಧಿಗಳು ಬರಹದಲ್ಲೇ ಉಳಿಯಲಿ, ಬಳಕೆಗೆ ಬಾರದಿರಲಿ ಎಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಆಸೆಪಟ್ಟಿದ್ದರು. ಆಸೆ ಈಡೇರಲಿಲ್ಲ. 1975ರಲ್ಲಿ ತಿದ್ದುಪಡಿ ತಂದು, ಈ ಮನವರಿಕೆಯೇ ಅಂತಿಮ, ಕೋರ್ಟ್ ಪ್ರಶ್ನಿಸುವಂತಿಲ್ಲ ಎಂದೂ ಸೇರಿಸಿದ್ದರು. 44ನೇ ತಿದ್ದುಪಡಿ ಅದನ್ನು ತೆಗೆಯಿತು.

1989ರ ಏಪ್ರಿಲ್. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಶಾಸಕರೊಬ್ಬರು 19 ಶಾಸಕರ ಪತ್ರಗಳನ್ನು ತೆಗೆದುಕೊಂಡು ಹೋಗಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಕೊಟ್ಟರು. ನಾವು ಬೆಂಬಲ ವಾಪಸ್ ಪಡೆದಿದ್ದೇವೆ ಎಂದು ಪತ್ರ. ರಾಜ್ಯಪಾಲರು 19ರಂದು ದಿಲ್ಲಿಗೆ ವರದಿ ಕಳಿಸಿದರು. ಮಾರನೇ ದಿನ ಆ 19ರಲ್ಲಿ ಏಳು ಜನ, ನಮ್ಮ ಸಹಿಯನ್ನು ಏನೋ ಹೇಳಿ ಹಾಕಿಸಿಕೊಂಡಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಬೊಮ್ಮಾಯಿ, ಅಧಿವೇಶನ ಕರೆಯುತ್ತೇನೆ, ಬಹುಮತ ಸದನದಲ್ಲೇ ತೋರಿಸುತ್ತೇನೆ ಎಂದರು. ರಾಜ್ಯಪಾಲರು ಕಾಯಲಿಲ್ಲ. ಎರಡನೇ ವರದಿ ಹೋಯಿತು. 21ರಂದು ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ. ತಲೆ ಎಣಿಸುವ ಜಾಗ ವಿಧಾನಸೌಧದಲ್ಲಿದೆ. ಎಣಿಸಿದ್ದು ರಾಜಭವನದಲ್ಲಿ.

ಹೈಕೋರ್ಟ್ ಅರ್ಜಿ ವಜಾ ಮಾಡಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಮನವರಿಕೆಯಾಗಲು ಆಧಾರ ಬೇಕು. ಆ ಆಧಾರ ವಿಷಯಕ್ಕೆ ಸಂಬಂಧಪಟ್ಟಿರಬೇಕು. ಮಂತ್ರಿಮಂಡಲ ರಾಷ್ಟ್ರಪತಿಗೆ ಕೊಟ್ಟ ಸಲಹೆಯನ್ನು ಕೋರ್ಟ್ ಕೇಳುವಂತಿಲ್ಲ, ನಿಜ. ಆದರೆ ಸಲಹೆಯ ಹಿಂದಿನ ಆಧಾರಗಳನ್ನು ತೋರಿಸಿ ಎಂದು ಕೇಳಬಹುದು. ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲಿ ಎಣಿಸಿ ನೋಡುವ ಸಂಗತಿ, ರಾಜ್ಯಪಾಲರ ಅಭಿಪ್ರಾಯದ ಸಂಗತಿಯಲ್ಲ. ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಅಟ್ಕಿನ್ ಹೇಳಿದ್ದ ಗೆಣ್ಣಿನ ಮಾತು ಇಲ್ಲಿ ಇನ್ನೊಂದು ರೂಪದಲ್ಲಿ ಗೆದ್ದಿತು. ಮುರಿದಿದೆ ಎಂದು ಅನ್ನಿಸಿದರೆ ಆಗಲಿಲ್ಲ, ಎಕ್ಸ್‌ರೇ ತೋರಿಸಿ.

2018ರ ಮೇ ತಿಂಗಳು ನಿಮ್ಮಲ್ಲಿ ಹಲವರಿಗೆ ನೆನಪಿರುತ್ತದೆ. ಯಾರಿಗೂ ಬಹುಮತ ಬಂದಿರಲಿಲ್ಲ. ಬಿ.ಎಸ್. ಯಡಿಯೂರಪ್ಪ ಅವರಿಗೆ ಬಹುಮತ ತೋರಿಸಲು ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ನಡುರಾತ್ರಿ ಕೂತು ವಾದ ಕೇಳಿತು. ಆಮೇಲೆ ಮೇ 19ರ ಸಂಜೆ 4 ಗಂಟೆಗೇ ಸದನದಲ್ಲಿ ತೋರಿಸಿ ಎಂದಿತು. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ನಿಮಗೆ ಯಾವ ಪಕ್ಷ ಇಷ್ಟವೋ ಅದು ಬೇರೆ ಮಾತು. ಆ ಸಂಜೆ ಎಲ್ಲರೂ ಟಿವಿಯಲ್ಲಿ ನೋಡುತ್ತಿದ್ದದ್ದು ವಿಧಾನಸೌಧವನ್ನು, ರಾಜಭವನವನ್ನಲ್ಲ. ಅದು ಬೊಮ್ಮಾಯಿ ತೀರ್ಪಿನ ಫಲ.

ಒಂದು ನೋವಿನ ಮಾತನ್ನೂ ಹೇಳಬೇಕು. 1989ರಲ್ಲಿ ಬಿದ್ದ ಸರ್ಕಾರದ ಬಗ್ಗೆ ತೀರ್ಪು ಬಂದದ್ದು 1994ರಲ್ಲಿ. ವಜಾ ಮಾಡಿದ್ದು ತಪ್ಪು ಎಂದು ಕೋರ್ಟ್ ಹೇಳಿತು. ಬೊಮ್ಮಾಯಿ ಅವರಿಗೆ ಕುರ್ಚಿ ವಾಪಸ್ ಬರಲಿಲ್ಲ. ಬರಲು ಸಾಧ್ಯವೂ ಇರಲಿಲ್ಲ, ಅಷ್ಟರಲ್ಲಿ ಚುನಾವಣೆ ಆಗಿ ಬೇರೆ ಸರ್ಕಾರ ನಡೆಯುತ್ತಿತ್ತು. 2019ರ ಡಿಸೆಂಬರಿನಲ್ಲೂ ಇದೇ ಆಯಿತು. ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಪ್ರತಿಭಟನೆಗಳು ಇದ್ದವು. ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ ಜನ ಗುಂಪು ಸೇರದಂತೆ 144ನೇ ಸೆಕ್ಷನ್ ಹಾಕಿದರು, ಮೂರು ದಿನಕ್ಕೆ. ಅದೇ ಸೆಕ್ಷನ್ ಈಗ ಹೊಸ ಸಂಹಿತೆಯಲ್ಲಿ 163 ಆಗಿದೆ. ಆ ಸೆಕ್ಷನ್ ಓದಿದರೆ, ಆದೇಶ ಲಿಖಿತವಾಗಿರಬೇಕು, ಅದರಲ್ಲಿ ಮುಖ್ಯ ಸಂಗತಿಗಳನ್ನು ಹೇಳಿರಬೇಕು ಎಂದಿದೆ. ನಮ್ಮ ಹೈಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ 2020ರ ಫೆಬ್ರವರಿ 13ರಂದು ಆ ಆದೇಶ ಕಾನೂನುಬಾಹಿರ ಎಂದಿತು. ಕೆಳಗಿನ ಅಧಿಕಾರಿಗಳ ವರದಿಗಳನ್ನು ಎತ್ತಿ ಬರೆದಿದ್ದರು, ಆದೇಶ ಕೊಟ್ಟವರು ತಾವೇ ಯೋಚಿಸಿ ಒಂದು ಅಭಿಪ್ರಾಯಕ್ಕೆ ಬಂದದ್ದು ಅದರಲ್ಲಿ ಕಾಣುತ್ತಿರಲಿಲ್ಲ. ಒಳ್ಳೆಯ ತೀರ್ಪು. ಆದರೆ ಆದೇಶದ ಆಯುಸ್ಸು ಮೂರು ದಿನ. ತೀರ್ಪು ಬಂದದ್ದು ಎರಡು ತಿಂಗಳಿಗೆ. ಬೀದಿಗೆ ಬರಬೇಕೆಂದಿದ್ದವರ ಆ ಮೂರು ದಿನ ವಾಪಸ್ ಬರುವುದಿಲ್ಲ. ನಮ್ಮ ಕೋರ್ಟುಗಳ ದೊಡ್ಡ ಕೊರತೆ ಇದು ಅನ್ನುವುದು ನನ್ನ ಅನಿಸಿಕೆ. ಅರ್ಥ ಸರಿಯಾಗಿ ಹೇಳುತ್ತವೆ, ಹೊತ್ತಿಗೆ ಹೇಳುವುದಿಲ್ಲ.

ಮಾತು ಇಲ್ಲಿಗೆ ನಿಲ್ಲಿಸಿದೆ. ಪ್ರಶ್ನೆಗಳು ಬಂದವು. ಹಿಂದಿನ ಸಾಲಿನಲ್ಲಿದ್ದ ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಎದ್ದು, ‘ಸರ್, ಈಗ ಬೆಂಗಳೂರಲ್ಲಿ ಫ್ರೀಡಂ ಪಾರ್ಕ್ ಬಿಟ್ಟು ಬೇರೆಲ್ಲೂ ಧರಣಿ ಮಾಡೋ ಹಾಗಿಲ್ಲ. ಅದು ಸರೀನಾ?’ ಎಂದು ಕೇಳಿದಳು. ಉತ್ತರ ಸ್ವಲ್ಪ ಉದ್ದವಾಯಿತು.

ಫ್ರೀಡಂ ಪಾರ್ಕ್ ಅಂದರೆ ಅದೇ ಹಳೆಯ ಸೆಂಟ್ರಲ್ ಜೈಲು. 1975ರಲ್ಲಿ ವಾಜಪೇಯಿ, ಆಡ್ವಾಣಿ ಇದ್ದ ಜಾಗ. ನಡುವಿನ ಕಾವಲು ಗೋಪುರ ಇನ್ನೂ ನಿಂತಿದೆ. 2021ರಲ್ಲಿ ಬಂದ ಪೊಲೀಸ್ ಆದೇಶದ ಪ್ರಕಾರ ನಗರದ ಧರಣಿ, ಪ್ರತಿಭಟನೆಗಳು ಅಲ್ಲೇ ನಡೆಯಬೇಕು. ಟ್ರಾಫಿಕ್‌ಗೆ ತೊಂದರೆಯಾಗುತ್ತದೆ ಎಂಬ ಕಾರಣ ಸುಳ್ಳಲ್ಲ. ಆಂಬುಲೆನ್ಸ್‌ನಲ್ಲಿ ಸಿಕ್ಕಿಕೊಂಡವರ ಕಷ್ಟ ನನಗೂ ಗೊತ್ತು. ಹೈಕೋರ್ಟ್ ಕೂಡ ಅದನ್ನು ಪಾಲಿಸಿ ಎಂದಿದೆ.

ಆದರೆ 1972ರ ಹಿಮ್ಮತ್‌ಲಾಲ್ ಶಾ ಕೇಸು ಓದು ಎಂದೆ ಅವಳಿಗೆ. ಅಹಮದಾಬಾದಿನದು. ಬೀದಿಯಲ್ಲಿ ಸಭೆ ನಡೆಸಲು ಪೊಲೀಸ್ ಕಮಿಷನರ್ ಅನುಮತಿ ಬೇಕು ಎಂಬ ನಿಯಮ ಇತ್ತು. ಯಾವಾಗ ಕೊಡಬೇಕು, ಯಾವಾಗ ನಿರಾಕರಿಸಬಹುದು ಎಂದು ಒಂದು ಸಾಲೂ ಇರಲಿಲ್ಲ. ಸುಪ್ರೀಂ ಕೋರ್ಟ್ ಆ ನಿಯಮ ರದ್ದು ಮಾಡಿತು. ಶಾಸನ ಪೊಲೀಸರಿಗೆ ಕೊಟ್ಟದ್ದು ಸಭೆಗಳನ್ನು ‘ನಿಯಂತ್ರಿಸುವ’ ಅಧಿಕಾರ. ಎಲ್ಲ ಬೀದಿಗಳಲ್ಲೂ ಸಭೆಯನ್ನೇ ನಿಷೇಧಿಸುವ ಅಧಿಕಾರ ಅದರೊಳಗೆ ಬರುವುದಿಲ್ಲ ಎಂದಿತು. ಇಡೀ ಊರಿಗೆ ಒಂದೇ ಜಾಗ ಗುರುತು ಮಾಡಿ ಉಳಿದದ್ದೆಲ್ಲ ಮುಚ್ಚಿದರೆ ಅದು ನಿಯಂತ್ರಣವೋ, ನಿಷೇಧವೋ? ನಗರದ ಅಂಚಿನಲ್ಲಿ ಕೆರೆ ಒತ್ತುವರಿ ವಿರುದ್ಧ ಅಲ್ಲಿಯ ಜನ ಮಾತಾಡಬೇಕಾದರೆ ಕೆರೆ ಏರಿಯ ಮೇಲೆ ನಿಲ್ಲಬೇಕು ತಾನೇ? ಫ್ರೀಡಂ ಪಾರ್ಕಿರುವ ಶೇಷಾದ್ರಿ ರಸ್ತೆಗೆ ಬಂದು ನಿಂತರೆ ಕೇಳುವವರು ಯಾರು? ನನ್ನ ಓದಿನಲ್ಲಿ ‘ನಿಯಂತ್ರಣ’ ಎಂಬ ಪದ ಇಷ್ಟನ್ನು ತಡೆದುಕೊಳ್ಳುವುದಿಲ್ಲ. ಹೈಕೋರ್ಟ್ ಬೇರೆ ರೀತಿ ನೋಡಿದೆ. ಆ ಆದೇಶವನ್ನೂ ಹಿಮ್ಮತ್‌ಲಾಲ್ ತೀರ್ಪನ್ನೂ ಪಕ್ಕಪಕ್ಕ ಇಟ್ಟುಕೊಂಡು ನೀನೇ ಓದು, ನನ್ನ ಮಾತು ನಂಬಬೇಡ ಎಂದೆ.

ಆದೇಶದ ಪ್ರತಿ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ನನ್ನ ಬ್ಯಾಗಿನಲ್ಲೇ ಒಂದಿತ್ತು. ಕೊಟ್ಟು ಬಂದೆ.